ಮುಟ್ಟಿದ ಮೇಲೆ

ಅಕ್ಷಿತ್ ಬಗ್ಗಿ ಹುಲ್ಲು ಮುಟ್ಟಿದ, ಆ ಬೆರಳುಗಳನ್ನು ಹಣೆಗೆ ಒತ್ತಿಕೊಂಡ. ಮುದ್ದಣ್ಣ ತನ್ನ ಬಲಗಾಲನ್ನು ಒಂದಿಷ್ಟು ಮುಂದೆ ಸರಿಸಿ ನಿಂತ. ಹುಡುಗ ಬಹ್ರೇನ್‌ಗೆ ಬಂದಂದಿನಿಂದ ಇದು ಹೀಗೆಯೇ ನಡೆದು ಬಂದಿತ್ತು. ಮೊದಲು ನೆಲ, ಆಮೇಲೆ ಮುದ್ದಣ್ಣನ ಪಾದ, ಆಮೇಲೆ ಆಟ. ಅಷ್ಟರಲ್ಲಿ ಮೈದಾನದ ನಡುವಿನಿಂದ ಡಿಲನ್ ಏನೋ ಕೂಗಿದ. "ಕಮಿಂಗ್ ಕೋಚ್," ಎಂದು ಅಕ್ಷಿತ್ ಓಡಿಬಿಟ್ಟ. ಮುಂದೆ ಬಂದ ಕಾಲನ್ನು ಏನು ಮಾಡುವುದೆಂದು ತಿಳಿಯದೆ ಮುದ್ದಣ್ಣ ಕೆಳಗೆ ಕೂತು ಬೂಟಿನ ಲೇಸನ್ನು ಬಿಚ್ಚಿ ಪುನಃ ಕಟ್ಟತೊಡಗಿದ.

"ಬಿಗಿ ಇತ್ತಲ್ಲ ಅದು," ಪಕ್ಕದಲ್ಲಿ ನಿಂತಿದ್ದ ಹೆಂಡತಿ ಉಮಾವತಿ ಅಂದಳು.

"ಸಡಿಲ ಆಗಿತ್ತು."

ಅವಳು ಕೈಯಲ್ಲಿದ್ದ ಸ್ಟೀಲಿನ ಟಿಫಿನ್ ಕ್ಯಾರಿಯರನ್ನು ಪ್ಲಾಸ್ಟಿಕ್ ಕುರ್ಚಿಯ ಕೆಳಗೆ ನೆರಳಿಗೆ ಇಟ್ಟು, ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಂಡು ಕೂತಳು. ಜನವರಿಯ ಬಿಸಿಲು ಹದವಾಗಿತ್ತು. ಕ್ಲಬ್ಬಿನ ಮೈದಾನದ ಹುಲ್ಲು ಕಣ್ಣಿಗೆ ಹೊಡೆಯುವಷ್ಟು ಹಸಿರು. ಈ ದೇಶದಲ್ಲಿ ಎಲ್ಲಾದರೂ ಇಷ್ಟು ಹುಲ್ಲು ಕಂಡರೆ ಮುದ್ದಣ್ಣನಿಗೆ ಮೊದಲು ನೆನಪಾಗುವುದು ನೀರಿನ ಬಿಲ್ಲು.

ಆಟ ರಗ್ಬಿ ಲೀಗ್. ಆಸ್ಟ್ರೇಲಿಯಾದ ಮೂಲನಿವಾಸಿ ಆಟಗಾರರ ತಂಡವೊಂದು ಇಂಗ್ಲೆಂಡಿಗೆ ಹೋಗುವ ದಾರಿಯಲ್ಲಿ ಇಲ್ಲಿ ಇಳಿದಿತ್ತು. ಅದರ ಎದುರಿಗೆ, ಈ ದ್ವೀಪದಲ್ಲಿ ಕೆಲಸಕ್ಕಿರುವ ನಾನಾ ದೇಶದವರನ್ನು ಹೆಕ್ಕಿ ಕಟ್ಟಿದ ವಿಶ್ವ ತಂಡ. ಪ್ರದರ್ಶನ ಪಂದ್ಯ, ಕಪ್ಪಿಲ್ಲ, ಗೆದ್ದವರಿಗೂ ಸೋತವರಿಗೂ ಒಂದೇ ಊಟ. ವಿಶ್ವ ತಂಡದಲ್ಲಿ ಫಿಜಿಯವರಿದ್ದರು, ಲೆಬನಾನಿನವನೊಬ್ಬನಿದ್ದ, ದಕ್ಷಿಣ ಆಫ್ರಿಕಾದ ಪೈಲಟ್ ಇದ್ದ, ಇಂಗ್ಲಿಷ್ ಶಾಲೆಗಳ ಮಾಸ್ತರರಿದ್ದರು. ಕಡೆಯವನಾಗಿ, ಬೆಂಚಿನ ತುದಿಯಲ್ಲಿ, ಕಾರ್ಕಳದ ಅಕ್ಷಿತ್. ಇಪ್ಪತ್ತನಾಲ್ಕು ವರ್ಷ, ಸಿತ್ರಾದ ಒಂದು ಕೇಟರಿಂಗ್ ಕಂಪನಿಯಲ್ಲಿ ಡೆಲಿವರಿ ವ್ಯಾನಿನ ಕೆಲಸ. ಅದೇ ಕಂಪನಿಯಲ್ಲಿ ವ್ಯಾನುಗಳ ಮೇಲ್ವಿಚಾರಣೆ ಮುದ್ದಣ್ಣನದು. ಹುಡುಗನಿಗೆ ವೀಸಾ ಮಾಡಿಸಿದ್ದು, ಬುಸೈತೀನ್‌ನಲ್ಲಿ ಮಲಗಲು ಜಾಗ ಹುಡುಕಿಕೊಟ್ಟದ್ದು, ಕಬಡ್ಡಿ ಕಲಿಸಿದ್ದು, ಎಲ್ಲ ಅವನೇ.

ಕಬಡ್ಡಿ ಹುಡುಗನಿಗೆ ಊರಿನಲ್ಲೇ ಬರುತ್ತಿತ್ತು ಎಂದು ಯಾರಾದರೂ ಅಂದರೆ ಮುದ್ದಣ್ಣ ಒಪ್ಪುತ್ತಿರಲಿಲ್ಲ. "ಬರ್ತಾ ಇತ್ತು, ಸರಿ. ಒಬ್ಬನನ್ನು ಮುಟ್ಟಿದ ಕೂಡಲೆ ಇನ್ನೊಬ್ಬನ ಆಸೆ. ಅಲ್ಲೇ ನಿಲ್ಲುದು, ಹಿಡಿಸಿಕೊಳ್ಳುದು. ಅದು ಕಬಡ್ಡಿಯಾ?" ಸನದ್‌ನಲ್ಲಿ ಗೋದಾಮುಗಳ ಹಿಂದಿನ ಮರಳು ಜಾಗದಲ್ಲಿ ಶುಕ್ರವಾರ ಸಂಜೆ ಆಟ ನಡೆಯುತ್ತಿತ್ತು. ಅಲ್ಲಿ ಆ ಆಸೆಯನ್ನು ಬಿಡಿಸಲು ಒಂದು ವರ್ಷವೇ ಹಿಡಿದಿತ್ತು. "ಮುಟ್ಟಿದ ಮೇಲೆ ನಿನಗೆ ಅಲ್ಲಿ ಕೆಲಸ ಇಲ್ಲ. ನಾನು ಹಿಂದಿನಿಂದ ಬಾ ಅಂತೇನೆ. ಅಂದ ಕೂಡಲೆ ತಿರುಗು. ಯೋಚನೆ ಮಾಡ್ಬೇಡ. ಯೋಚನೆ ನಾನು ಮಾಡ್ತೇನೆ." ಕೊನೆಕೊನೆಗೆ ಅಕ್ಷಿತ್ ಆ ಒಂದು ಶಬ್ದಕ್ಕೆ ಎಷ್ಟು ಒಗ್ಗಿದ್ದನೆಂದರೆ ಅವನ ಮೈ ಮೊದಲು ತಿರುಗುತ್ತಿತ್ತು, ಮುಖ ಆಮೇಲೆ.

ಎರಡು ತಿಂಗಳ ಹಿಂದೆ ಡಿಲನ್‌ನನ್ನು ಆ ಮರಳಿಗೆ ಕರೆದುಕೊಂಡು ಬಂದದ್ದು ಬಾವ ಎಂಬವನು. ಉಳ್ಳಾಲದವನು, ಶಾಲೆಯೊಂದರ ಬಸ್ಸಿನ ಡ್ರೈವರು, ಮುದ್ದಣ್ಣನ ಹಳೆಯ ಜೊತೆಗಾರ. ಆ ಶಾಲೆಯಲ್ಲಿ ವ್ಯಾಯಾಮ ಮಾಸ್ತರನಾಗಿದ್ದ ವೇಲ್ಸಿನ ಡಿಲನ್‌ಗೆ ನಿಮ್ಮ ಕಬಡ್ಡಿ ಏನೆಂದು ನೋಡುವ ಕುತೂಹಲ. ಮುದ್ದಣ್ಣ ಆ ಸಂಜೆ ಬೇಕೆಂದೇ ತಾನೇ ರೈಡಿಗೆ ಹೋದ. ನಲವತ್ತಮೂರರ ಮೈ, ಬಲ ಮೊಣಕಾಲಿಗೆ ಕಪ್ಪು ಪಟ್ಟಿ. ಇಬ್ಬರನ್ನು ಮುಟ್ಟಿ ಬಂದ. ಗೆರೆ ದಾಟುವಾಗ ಬಿಳಿಯ ಮಾಸ್ತರ ಚಪ್ಪಾಳೆ ತಟ್ಟುವುದು ಕಂಡಿತು. ಆಟ ಮುಗಿದ ಮೇಲೆ ಡಿಲನ್ ಮರಳಿನಲ್ಲಿ ಕಾಲು ಹೂತುಕೊಳ್ಳುತ್ತ ನಡೆದು ಬಂದು ಕೈ ಚಾಚಿದ. ಮುದ್ದಣ್ಣ ಅಂಗೈಯನ್ನು ಚಡ್ಡಿಗೆ ಒರೆಸಿಕೊಂಡು ಕೈ ಕೊಟ್ಟ.

"ಬ್ರಿಲಿಯಂಟ್," ಅಂದ ಡಿಲನ್. ಕೈ ಕುಲುಕುತ್ತಲೇ ಮುದ್ದಣ್ಣನ ಹೆಗಲ ಮೇಲಿಂದ ಆಚೆ ನೋಡುತ್ತಿದ್ದ. "ಆ ಹುಡುಗ ಯಾರು?"

ಮುದ್ದಣ್ಣನ ಕೈ ಇನ್ನೂ ಅವನ ಕೈಯಲ್ಲೇ ಇತ್ತು.

ಆಮೇಲೆ ಏನೇನೋ ಬಂದವು. ಮುಳ್ಳಿರುವ ಬೂಟು ಬಂತು, ಡಿಲನ್ ಕೊಡಿಸಿದ್ದು. ಅಕ್ಷಿತ್ ಅದನ್ನು ವ್ಯಾನಿನ ಡ್ಯಾಶ್‌ಬೋರ್ಡಿನ ಮೇಲೆ ದೇವರ ಫೋಟೊದ ಪಕ್ಕ ಇಟ್ಟುಕೊಂಡು ತಿರುಗಿದ. ಮುದ್ದಣ್ಣ ಕಲಿಸಿದ ಕಾಲು ಹಿಡಿತಕ್ಕೆ ಹೊಸ ಹೆಸರು ಬಂತು. ಡಿಲನ್ ಅದಕ್ಕೆ 'ಅಕ್ಷಿತ್ ಸ್ಪೆಷಲ್' ಅಂದನಂತೆ, ಈಗ ಫಿಜಿಯವರೂ ಅದನ್ನೇ ಕಲಿಯುತ್ತಿದ್ದಾರಂತೆ. ತುಳು ಸಂಘದ ವಾಟ್ಸ್ಯಾಪ್ ಗುಂಪಿನಲ್ಲಿ ಹುಡುಗನ ಫೋಟೊ ಬಂತು. ಅದರ ಕೆಳಗೆ ಹೆಬ್ಬೆರಳುಗಳು, ಹೂಗುಚ್ಛಗಳು, ಮಡಚಿದ ತೋಳುಗಳು. ಮುದ್ದಣ್ಣನೂ ಒಂದು ಹೆಬ್ಬೆರಳು ಹಾಕಿದ, ಸ್ವಲ್ಪ ತಡವಾಗಿ. ಯಾರಾದರೂ ಇವನ ಗುರು ಯಾರೆಂದು ಕೇಳಬಹುದು ಎಂದು ಊಟದ ನಡುವೆಯೂ ಫೋನು ತೆರೆದು ನೋಡುತ್ತಿದ್ದ. ಯಾರೂ ಕೇಳಲಿಲ್ಲ.

ಮನೆಯೊಳಗೂ ಅದು ಬಂತು. ಅರಾದ್‌ನ ಫ್ಲ್ಯಾಟಿನ ಅಡುಗೆಮನೆಯಲ್ಲಿ ಬೆಳಿಗ್ಗೆ ಪಾತ್ರೆ ತುಂಬ ಮೊಟ್ಟೆ ಬೇಯುವುದು ಶುರುವಾಯಿತು.

"ಇಷ್ಟು ಮೊಟ್ಟೆ ಯಾರಿಗೆ?"

"ಅಕ್ಷಿತ್‌ಗೆ. ಪ್ರೋಟೀನ್ ಬೇಕಂತೆ ಅವನಿಗೆ. ಅವನ ರೂಮಿನಲ್ಲಿ ಯಾರು ಬೇಯಿಸಿ ಕೊಡ್ತಾರೆ ಪಾಪ."

"ನಾನು ಇಪ್ಪತ್ತು ವರ್ಷ ಆಡಿದೆ. ನನಗೆ ಯಾರೂ ಪ್ರೋಟೀನ್ ಬೇಯಿಸಲಿಲ್ಲ."

"ನಿಮಗೆ ಕೊಲೆಸ್ಟ್ರಾಲ್ ಉಂಟು ಮಾರಾಯ್ರೆ," ಎಂದು ಉಮಾವತಿ ನಕ್ಕಳು. ನಗುತ್ತಲೇ ಅವನ ತಟ್ಟೆಗೆ ಒಂದು ಮೊಟ್ಟೆ ಹಾಕಿದಳು. ಅವನು ಹಳದಿಯನ್ನು ತೆಗೆದು ಬದಿಗಿಟ್ಟು ಬಿಳಿಯನ್ನಷ್ಟೇ ತಿಂದು ಎದ್ದ.

ಪಂದ್ಯಕ್ಕೆ ಹತ್ತು ದಿನವಿರುವಾಗ, ಸಿತ್ರಾದ ಸೇತುವೆಯ ಮೇಲೆ ಮುದ್ದಣ್ಣ ಓಡಿಸುತ್ತಿದ್ದ ವ್ಯಾನು ನಿಂತು ನಿಂತು ಸಾಗುತ್ತಿದ್ದಾಗ, ಅಕ್ಷಿತ್ ಕಿಟಕಿಯಾಚೆ ಸಮುದ್ರ ನೋಡುತ್ತ ಅಂದಿದ್ದ, "ಅಣ್ಣ, ಒಂದು ವಿಷಯ. ಈ ಮ್ಯಾಚಲ್ಲಿ ನಾನು ಒಳ್ಳೆ ಮಾಡಿದ್ರೆ ಕೋಚ್ ನನ್ನನ್ನು ಕ್ಲಬ್ಬಿಗೆ ತೆಗೊಳ್ತಾರಂತೆ. ಸೀಸನ್ ಪೂರ್ತಿ. ದುಬೈಗೆಲ್ಲ ಹೋಗ್ಲಿಕ್ಕೆ ಉಂಟಂತೆ."

"ಒಳ್ಳೆದಾಯ್ತಲ್ಲ. ಪ್ರಾಕ್ಟೀಸ್ ಯಾವಾಗ?"

"ಅದೇ. ಶುಕ್ರವಾರ."

"ಶುಕ್ರವಾರ ನಮ್ಮದು ಉಂಟಲ್ಲ."

"ಅದಕ್ಕೇ ನಿಮ್ಮ ಹತ್ರ ಕೇಳುದು. ನೀವು ಬೇಡ ಅಂದ್ರೆ ಹೋಗುದಿಲ್ಲ ಅಣ್ಣ. ನಿಜವಾಗಿ."

ಹಿಂದಿನ ಕಾರಿನವನು ಹಾರ್ನ್ ಹೊಡೆದ. ಬೇಡ ಎನ್ನುವ ಮಾತನ್ನು ಹುಡುಗ ತಟ್ಟೆಯಲ್ಲಿಟ್ಟು ಮುಂದೆ ಚಾಚಿದ್ದ, ತೆಗೆದುಕೊಳ್ಳುವುದಷ್ಟೇ ಬಾಕಿ. ಆದರೆ ಹಾಗೆ ಚಾಚಿದ್ದನ್ನು ತೆಗೆದುಕೊಳ್ಳುವವನು ಎಂಥ ಮನುಷ್ಯ? ಮುದ್ದಣ್ಣ ಗೇರು ಬದಲಿಸಿದ. "ನಾನ್ಯಾಕೆ ಬೇಡ ಅನ್ಲಿ. ಹೋಗು ಮಾರಾಯ. ಇಂಥದ್ದೆಲ್ಲ ಪುನಃ ಸಿಗ್ತದಾ?" ಅಂದ. ಅಂದ ಮೇಲೆ ಅಕ್ಷಿತ್‌ನ ಮುಖದಲ್ಲಿ ಹಬ್ಬಿದ ಖುಷಿಯನ್ನು ನೋಡಲಾಗದೆ ಸೇತುವೆಯ ಕೊನೆಯವರೆಗೂ ಮುಂದಿನ ಲಾರಿಯ ನಂಬರ್ ಪ್ಲೇಟನ್ನೇ ನೋಡಿದ.

ಈಗ ಮೈದಾನದ ಆಚೆ ಬದಿಯಲ್ಲಿ ಡಿಲನ್ ಹುಡುಗನ ಕುತ್ತಿಗೆಯ ಹಿಂದೆ ಕೈಯಿಟ್ಟು ಏನೋ ಹೇಳಿಕೊಡುತ್ತಿದ್ದ. ಆ ಕೈ ಅಲ್ಲೇ ಇತ್ತು. ಅಕ್ಷಿತ್ ತಲೆಯಾಡಿಸುತ್ತಿದ್ದ.

"ಏನು ಅಷ್ಟೊತ್ತು ಹೇಳ್ಲಿಕ್ಕೆ?" ಅಂದ ಮುದ್ದಣ್ಣ.

"ಆಟ ಹೇಳಿಕೊಡ್ತಾರೆ," ಅಂದ ಬಾವ. ಅವನು ಕೈಯಲ್ಲಿ ಕರಕ್ ಚಹಾದ ಕಾಗದದ ಕಪ್ಪುಗಳನ್ನು ಹಿಡಿದು ಬಂದು ಮುದ್ದಣ್ಣನ ಇನ್ನೊಂದು ಬದಿಗೆ ಕೂತ. "ಕೇಳು ಮುದ್ದಣ್ಣ, ಸುಲಭ ಉಂಟು. ಒಂದು ಕಡೆ ಹದಿಮೂರು ಜನ. ಚೆಂಡು ಹಿಡ್ಕೊಂಡು ಓಡುದು. ಪಾಸ್ ಮಾಡಿದ್ರೆ ಹಿಂದಕ್ಕೇ ಮಾಡ್ಬೇಕು. ಆ ಕೊನೆಯ ಗೆರೆ ಉಂಟಲ್ಲ, ಅದರ ಆಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿದ್ರೆ ಪಾಯಿಂಟ್."

"ಹಿಡಿದ್ರೆ?"

"ಹಿಡಿದ್ರೆ ಎದ್ದು ಪುನಃ ಆಡುದು. ಆರು ಸಲ ಹಿಡಿದ ಮೇಲೆ ಚೆಂಡು ಅವರಿಗೆ."

"ಔಟ್ ಇಲ್ವಾ?"

"ಇಲ್ಲ."

"ಹಿಡಿದ ಮೇಲೂ ಔಟ್ ಇಲ್ಲ ಅಂತಾದ್ರೆ ಹಿಡಿಯುದು ಎಂತಕ್ಕೆ?"

ಬಾವ ಅದನ್ನು ಯೋಚಿಸುತ್ತ ಚಹಾ ಕುಡಿದ.

ಆಟಕ್ಕೆ ಮೊದಲು ಆಸ್ಟ್ರೇಲಿಯಾದ ತಂಡ ನಡುಮೈದಾನದಲ್ಲಿ ಅರ್ಧಚಂದ್ರಾಕಾರವಾಗಿ ನಿಂತಿತು. ಮುಖಕ್ಕೂ ತೋಳಿಗೂ ಬಿಳಿ ಮತ್ತು ಕಾವಿ ಬಣ್ಣ. ಯಾರೋ ಎರಡು ಕೋಲುಗಳನ್ನು ಒಂದಕ್ಕೊಂದು ತಟ್ಟಿದರು. ಅವರು ಮೊಣಕಾಲು ಬಾಗಿಸಿ, ಅಂಗಾಲಿನಿಂದ ನೆಲವನ್ನು ಒದ್ದು ಒದ್ದು ಮುಂದೆ ಬಂದರು. ಆ ಸದ್ದು ಹುಲ್ಲಿನ ಕೆಳಗಿನಿಂದ ಕುರ್ಚಿಯ ಕಾಲುಗಳವರೆಗೂ ಬಂತು.

"ಹೆಜ್ಜೆ ನೋಡಿ," ಉಮಾವತಿ ಮೆಲ್ಲಗೆ ಅಂದಳು. "ನಮ್ಮ ಭೂತಕೋಲದಲ್ಲಿ ಇಡ್ತಾರಲ್ಲ, ಹಾಗೆಯೇ."

"ನಿನಗೆ ಎಲ್ಲದರಲ್ಲೂ ಊರೇ ಕಾಣುದು."

ಆದರೆ ಮುದ್ದಣ್ಣ ಬೇರೆಯದನ್ನು ನೋಡುತ್ತಿದ್ದ. ಕುಣಿತ ಮುಗಿಸಿ ಆಟಕ್ಕೆ ಹೋಗುವ ಮೊದಲು ಅವರು ಒಬ್ಬೊಬ್ಬರಾಗಿ ಬದಿಗೆ ಬಂದು, ಮಡಚುವ ಕುರ್ಚಿಯಲ್ಲಿ ಕೂತ ದಪ್ಪ ಹೆಂಗಸಿನ ಮುಂದೆ ತಲೆ ಬಗ್ಗಿಸುತ್ತಿದ್ದರು. ಅವಳು ಒಬ್ಬೊಬ್ಬನ ಕೆನ್ನೆಗೂ ಅಂಗೈಯಿಂದ ಮೆಲ್ಲಗೆ ಬಡಿಯುತ್ತಿದ್ದಳು. ಕೆಲವರಿಗೆ ಸ್ವಲ್ಪ ಜೋರಾಗಿಯೇ. ಯಾರನ್ನೂ ಯಾವ ಕೋಚೂ ನಡುವಿನಿಂದ ಕರೆಯಲಿಲ್ಲ. ಎಲ್ಲರ ಸರದಿ ಮುಗಿಯುವವರೆಗೆ ರೆಫರಿ ಕೂಡ ವಾಚು ನೋಡದೆ ಕಾದ. ಮುದ್ದಣ್ಣ ತನ್ನ ಬೂಟನ್ನು ನೋಡಿಕೊಂಡ. ಲೇಸು ಬಿಗಿಯಾಗಿತ್ತು.

ಆಟ ಶುರುವಾದ ಮೇಲೆ ಆ ಹೆಂಗಸು ತನ್ನ ಕುರ್ಚಿಯನ್ನು ಎಳೆದುಕೊಂಡು ಇವರ ಪಕ್ಕಕ್ಕೇ ಬಂದಳು. ಅಲ್ಲಿ ಬಿಸಿಲು ಕಡಿಮೆ. ಹೆಸರು ಐವಿ ಎಂದೂ ತಂಡದವರೆಲ್ಲ ತನಗೆ ಆಂಟಿ ಅನ್ನುತ್ತಾರೆ ಎಂದೂ ಉಮಾವತಿಗೆ ತಾನಾಗಿಯೇ ಹೇಳಿದಳು. ನಂಬರ್ ಒಂದು ಜೆರ್ಸಿಯವನು ತನ್ನ ಸ್ವಂತ ತಂಗಿಯ ಮಗ, ಉಳಿದವರೂ ಒಂದಲ್ಲ ಒಂದು ರೀತಿಯಲ್ಲಿ ತನ್ನವರೇ. ಉಮಾವತಿಗೆ ಅದರಲ್ಲಿ ವಿವರಿಸಬೇಕಾದ್ದೇನೂ ಕಾಣಲಿಲ್ಲ. ಅವಳು ಕ್ಯಾರಿಯರ್ ತೆರೆದು ನೀರುದೋಸೆಯ ಮೇಲೆ ಕೋಳಿ ಸುಕ್ಕ ಹಾಕಿ ಕೊಟ್ಟಳು. ಐವಿ ಒಂದು ತುತ್ತು ತಿಂದು, ಕಣ್ಣಲ್ಲಿ ನೀರು ತುಂಬಿಕೊಂಡು, ಇನ್ನೊಂದು ದೋಸೆಗೆ ಕೈ ಚಾಚಿದಳು. ತಿನ್ನುತ್ತಲೇ ಮೈದಾನದ ಕಡೆಗೆ ಕಿರುಚುತ್ತಿದ್ದಳು. ಎಡಕ್ಕೆ ಹೋಗು. ಕೆಳಗೆ ಹಿಡಿ. ಎದ್ದೇಳು, ನಾಟಕ ಬೇಡ. ಅವಳ ತಂಗಿಯ ಮಗ ಒಮ್ಮೆಯೂ ಈ ಕಡೆ ನೋಡಲಿಲ್ಲ.

ಮೊದಲರ್ಧ ಮುಗಿಯುವಾಗ ಮೂಲನಿವಾಸಿ ತಂಡ ಬಹಳ ಮುಂದಿತ್ತು. ಅವರ ಕೈಯಿಂದ ಕೈಗೆ ಚೆಂಡು ಮಾತಿನ ಹಾಗೆ ಹೋಗುತ್ತಿತ್ತು. ವಿಶ್ವ ತಂಡದವರು ಒಬ್ಬರನ್ನೊಬ್ಬರು ನಾಲ್ಕು ಭಾಷೆಗಳಲ್ಲಿ ಕರೆದುಕೊಂಡು ಡಿಕ್ಕಿ ಹೊಡೆಯುತ್ತಿದ್ದರು. ಅಕ್ಷಿತ್ ಇನ್ನೂ ಬೆಂಚಿನಲ್ಲಿದ್ದ. ಅವನನ್ನು ಇಳಿಸುವುದೇ ಇಲ್ಲವೇನೋ ಎಂದು ಮುದ್ದಣ್ಣನಿಗೆ ಅನ್ನಿಸಿತು. ಹಾಗೆ ಅನ್ನಿಸಿದಾಗ ಎದೆಯೊಳಗೆ ಏನೋ ಸಡಿಲಾಗಿ, ಅವನು ಬಾವನ ಭುಜಕ್ಕೆ ಕೈಹಾಕಿ ಧಾರಾಳವಾಗಿ ಅಂದ, "ಪಾಪ, ಒಮ್ಮೆಯಾದ್ರೂ ಇಳಿಸ್ಬೇಕಿತ್ತು ಅವನನ್ನು."

"ಇಳಿಸ್ತಾರೆ, ಕಾದು ನೋಡು."

ಕೊನೆಗೆ ಇಳಿಸಿದರು. ಪೈಲಟ್ ಕುಂಟುತ್ತ ಹೊರಬಂದ. ಅಕ್ಷಿತ್ ಒಳಗೆ ಓಡಿದ. ಕನ್ನಡ, ತುಳು, ಕೊಂಕಣಿ ಮಾತಾಡುವ ಐವತ್ತರವತ್ತು ಜನ ಒಟ್ಟಿಗೆ ಕೂಗಿದರು. ಉಮಾವತಿ ಎದ್ದು ನಿಂತಳು. ಮದುವೆಯಾದ ಮೇಲೆ ಅವಳು ತನ್ನ ಎಷ್ಟು ಆಟಗಳನ್ನು ನೋಡಿದ್ದಾಳೆ, ಯಾವುದಕ್ಕೆ ಹೀಗೆ ಎದ್ದು ನಿಂತಿದ್ದಳು ಎಂದು ಮುದ್ದಣ್ಣ ಲೆಕ್ಕ ಹಾಕತೊಡಗಿ ನಡುವೆಯೇ ಬಿಟ್ಟ.

ಹುಡುಗ ಚೆನ್ನಾಗಿ ಆಡಿದ. ಅದೇ ತೊಂದರೆ. ಬೆಟ್ಟದ ಹಾಗಿದ್ದವನೊಬ್ಬ ನುಗ್ಗಿ ಬಂದಾಗ ಅಕ್ಷಿತ್ ಕೆಳಗೆ ಬಾಗಿ ಕಾಲ್ಗಿಣ್ಣು ಹಿಡಿದು ಬೀಳಿಸಿದ. ಮುದ್ದಣ್ಣನ ಬಲಗೈ ತೊಡೆಯ ಮೇಲೆ ತಾನಾಗಿಯೇ ಮುಷ್ಟಿಯಾಯಿತು. ಹಿಡಿತ ಅವನದೇ, ಹೆಬ್ಬೆರಳು ಒಳಗೆ, ಕಿವಿ ಎದುರಾಳಿಯ ತೊಡೆಗೆ ಅಂಟಿ. ಹಿಂದಿನ ಸಾಲಿನಲ್ಲಿ ಯಾರೋ ಇಂಗ್ಲಿಷಿನಲ್ಲಿ ಕೇಳಿದರು, ಇದನ್ನು ಯಾರು ಕಲಿಸಿದ್ದು ಇವನಿಗೆ? ಅವರ ಪಕ್ಕದವರು ಹೇಳಿದರು, ಡಿಲನ್. ಮುದ್ದಣ್ಣ ಹಿಂದೆ ತಿರುಗಿದ. ಯಾವ ಬಾಯಿ ಹಾಗೆ ಹೇಳಿತೆಂದು ತಿಳಿಯಲಿಲ್ಲ. ಎಲ್ಲ ಮುಖಗಳೂ ಮೈದಾನವನ್ನೇ ನೋಡುತ್ತಿದ್ದವು.

ಮುಗಿಯಲು ಸ್ವಲ್ಪವೇ ಹೊತ್ತಿತ್ತು. ಚೆಂಡು ಒಬ್ಬನ ಕೈ ತಪ್ಪಿ ಹುಲ್ಲಿನ ಮೇಲೆ ಅಡ್ಡಾದಿಡ್ಡಿ ಪುಟಿಯುತ್ತ ಬದಿಗೆ ಬಂತು. ಅಕ್ಷಿತ್ ಓಡುತ್ತಲೇ ಅದನ್ನು ಎತ್ತಿಕೊಂಡ. ಮುದ್ದಣ್ಣ ಕೂತಿದ್ದ ಕುರ್ಚಿಯ ಎದುರಿನಿಂದಲೇ, ಉಸಿರು ಕೇಳಿಸುವಷ್ಟು ಹತ್ತಿರದಿಂದ ಹಾದು, ಬಿಳಿ ಗೆರೆಯ ಗುಂಟ ಓಡಿದ. ಮುದ್ದಣ್ಣ ಎದ್ದ. ಎಲ್ಲರೂ ಎದ್ದಿದ್ದರು. ಮುಂದೆ ಒಬ್ಬನೇ ಉಳಿದಿದ್ದ, ನಂಬರ್ ಒಂದು, ಐವಿಯ ತಂಗಿಯ ಮಗ. ಅಕ್ಷಿತ್ ಅವನ ಎದುರು ಒಂದು ಕ್ಷಣ ನಿಧಾನಿಸಿದ. ಮೈಯನ್ನು ಎಡಕ್ಕೆ ಎಸೆದ ಹಾಗೆ ಮಾಡಿ ಬಲಕ್ಕೆ ತೆಗೆದ. ಖಾಲಿಯಿದ್ದ ಕೈಯನ್ನು ಉದ್ದಕ್ಕೆ ಚಾಚಿ ಅವನ ಭುಜವನ್ನು ಮುಟ್ಟಿದ. ತಳ್ಳಲಿಲ್ಲ. ಸನದ್‌ನ ಮರಳಿನಲ್ಲಿ ಮುಟ್ಟುವ ಹಾಗೆ ಬೆರಳ ತುದಿಯಿಂದ ಮುಟ್ಟಿದ. ನಂಬರ್ ಒಂದು ಜಾರಿ ಮಂಡಿಯೂರಿದ. ಅಕ್ಷಿತ್ ಅವನನ್ನು ದಾಟಿದ.

ಎದುರಿಗೆ ಯಾರೂ ಇರಲಿಲ್ಲ. ಹುಲ್ಲು, ಬಿಳಿ ಗೆರೆ, ಗೆರೆಯಾಚೆ ಇನ್ನಷ್ಟು ಹುಲ್ಲು. ಡಿಲನ್‌ನ ಎರಡೂ ಕೈಗಳು ಆಗಲೇ ಮೇಲೇರುತ್ತಿದ್ದವು. ಮುದ್ದಣ್ಣ ಆ ಕೈಗಳನ್ನು ನೋಡಿದ. ಖಾಲಿ ಹುಲ್ಲನ್ನು ನೋಡಿದ. ಮತ್ತೊಮ್ಮೆ ಆ ಕೈಗಳನ್ನು ನೋಡಿದ.

"ಬಾ!"

ಅಕ್ಷಿತ್‌ನ ಮೈ ತಿರುಗಿತು, ಮುಖ ಆಮೇಲೆ. ಚೆಂಡನ್ನು ಹೊಟ್ಟೆಗೆ ಒತ್ತಿಕೊಂಡು, ತಲೆ ತಗ್ಗಿಸಿ, ಬಂದ ದಾರಿಯಲ್ಲೇ ಪೂರ್ತಿ ವೇಗದಲ್ಲಿ ವಾಪಸು ಓಡಿಬಂದ. ನಡುಮೈದಾನದ ಗೆರೆಯ ಕಡೆಗೆ ಕೈ ಚಾಚಿಕೊಂಡು ಬಂದ. ಅವನನ್ನು ಅಟ್ಟಿಸಿಕೊಂಡು ಬರುತ್ತಿದ್ದ ಮೂವರಿಗೆ ನಿಲ್ಲಲೂ ಆಗಲಿಲ್ಲ. ಡಿಕ್ಕಿಯ ಸದ್ದು ಕೇಳಿಸಿತು. ಚೆಂಡು ಹಾರಿ ಬದಿಯ ಗೆರೆಯಾಚೆ ಬಿದ್ದು, ಸ್ವಲ್ಪ ಉರುಳಿ, ನಿಂತಿತು.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ನಗು ಒಂದು ಮೂಲೆಯಲ್ಲಿ ಶುರುವಾಗಿ ಇಡೀ ಮೈದಾನ ಸುತ್ತಿತು. ಫಿಜಿಯವರು ಹುಲ್ಲಿನ ಮೇಲೆ ಕೂತು ನಕ್ಕರು. ರೆಫರಿ ಕೂಡ ಸೀಟಿಯನ್ನು ಬಾಯಿಯಿಂದ ತೆಗೆದ. ಡಿಲನ್‌ನ ಕೈಗಳು ಇನ್ನೂ ಮೇಲೆಯೇ ಇದ್ದವು. ಅವನು ಅವುಗಳನ್ನು ಇಳಿಸಿ ತಲೆಯ ಮೇಲೆ ಇಟ್ಟುಕೊಂಡ.

"ಇವ ಎಂತ ಮಾಡಿದ ಮಾರಾಯ?" ಬಾವ ಕೇಳಿದ. "ಬೆಂಕಿ ಬಿದ್ದ ಮನೆಗೆ ಬಂದ ಹಾಗೆ ಬಂದನಲ್ಲ."

"ಅಭ್ಯಾಸ," ಅಂದ ಮುದ್ದಣ್ಣ. ಸ್ವರ ಸರಿಯಾಗಿಯೇ ಇತ್ತು.

ಉಮಾವತಿ ಬಗ್ಗಿ ಟಿಫಿನ್ ಕ್ಯಾರಿಯರಿನ ಕೊಂಡಿಗಳನ್ನು ಹಾಕುತ್ತಿದ್ದಳು. ಅವು ಹಾಕಿಯೇ ಇದ್ದವು. ಅವಳು ಬಿಚ್ಚಿ ಪುನಃ ಹಾಕಿದಳು.

ಸೀಟಿ ಊದಿ ಆಟ ಮುಗಿದ ಮೇಲೆ ಐವಿ ಏದುಸಿರು ಬಿಡುತ್ತ ಎದ್ದು, ಬೆರಳುಗಳನ್ನು ಟಿಶ್ಯೂಗೆ ಒರೆಸಿಕೊಳ್ಳುತ್ತ, ಮುದ್ದಣ್ಣನ ಎದುರು ಬಂದು ನಿಂತಳು.

"ನಿನ್ನ ಹುಡುಗನಾ ಅವನು?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಈ ಎರಡು ತಿಂಗಳಲ್ಲಿ ಯಾರೂ ಕೇಳದಿದ್ದ ಪ್ರಶ್ನೆ. "ಹೌದು," ಅಂದ ಮುದ್ದಣ್ಣ.

"ನಾನು ನನ್ನವನಿಗೆ ಅವನು ನಡೆಯಲು ಕಲಿತಾಗಿನಿಂದ ಕಿರುಚುತ್ತಿದ್ದೇನೆ. ಇವತ್ತೂ ನೀನೇ ನೋಡಿದೆಯಲ್ಲ, ಒಂದು ಮಾತು ಕೇಳಲಿಲ್ಲ. ನಿನ್ನವನು ನೋಡು, ಒಂದೇ ಕೂಗಿಗೆ ಬಂದುಬಿಟ್ಟ." ಅವಳು ಮನಸಾರೆ ನಕ್ಕು ಮುದ್ದಣ್ಣನ ಕೆನ್ನೆಗೆ ಅಂಗೈಯಿಂದ ಮೆಲ್ಲಗೆ ಬಡಿದು ಹೋದಳು. ಮಸಾಲೆಯ ವಾಸನೆ ಅವನ ಕೆನ್ನೆಯ ಮೇಲೆ ಉಳಿಯಿತು. ಬಾವ ಚಹಾದ ಖಾಲಿ ಕಪ್ಪುಗಳನ್ನು ಒಂದರೊಳಗೊಂದು ಸೇರಿಸಿ, ಮುದ್ದಣ್ಣನ ಮುಖವನ್ನು ಒಮ್ಮೆ ನೋಡಿ, "ನಾನು ಬಸ್ಸು ತೆಗೀತೇನೆ," ಎಂದು ಎದ್ದ.

ಎಲ್ಲರೂ ಊಟದ ಡೇರೆಯ ಕಡೆಗೆ ಹೋಗುತ್ತಿರುವಾಗ ಅಕ್ಷಿತ್ ಬಂದ. ತುಟಿ ಒಡೆದಿತ್ತು, ಕೂದಲಲ್ಲಿ ಹುಲ್ಲು. ಹೆಗಲ ಮೇಲೆ ನಂಬರ್ ಒಂದರ ಬೆವರಿದ ಜೆರ್ಸಿ. ತಮಾಷೆಗೋ ಪ್ರೀತಿಗೋ ಅವನು ಬಿಚ್ಚಿ ಕೊಟ್ಟಿದ್ದ. ಕಂಕುಳಲ್ಲಿ ಆಟದ ಚೆಂಡೂ ಇತ್ತು. ಬಂದವನು ಕುರ್ಚಿಯಲ್ಲಿ ಕೂರದೆ ಮುದ್ದಣ್ಣನ ಎದುರು ಹುಲ್ಲಿನ ಮೇಲೆ ಕೂತ. ಉಮಾವತಿ ನೀರಿನ ಬಾಟಲಿ ಕೊಟ್ಟಳು.

"ಕೋಚ್ ಎಂತ ಹೇಳಿದ್ರು?" ಅವಳು ಕೇಳಿದಳು.

"ನಗಾಡಿದ್ರು ಉಮಕ್ಕ. ಬೈಲಿಲ್ಲ. ಕ್ಲಬ್ಬಿನದ್ದು ಕೇಳಿದೆ. ನೋಡುವ ಅಂದ್ರು." ಅವನು ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತ ಕೂತ. ಆಮೇಲೆ ತಲೆಯೆತ್ತಿದ. "ಅಣ್ಣ, ನೀವು ಕರೆದ್ರಾ?"

"ಯಾವಾಗ?"

"ಆಗ. ನಾನು ಅವನನ್ನು ಮುಟ್ಟಿದ ಮೇಲೆ. ನಿಮ್ಮ ಸ್ವರ ಕೇಳಿತು ನನಗೆ."

ಉಮಾವತಿ ಅಲುಗಾಡದೆ ನಿಂತಿದ್ದಳು. ಅವಳು ತನ್ನ ಕಡೆ ನೋಡುತ್ತಿಲ್ಲ ಎನ್ನುವುದು ಮುದ್ದಣ್ಣನಿಗೆ ನೋಡದೆಯೇ ಗೊತ್ತಾಯಿತು.

"ಇಲ್ಲಪ್ಪ," ಅಂದ. "ನಾನ್ಯಾಕೆ ಕರೀಲಿ?"

"ಅಲ್ವಾ?" ಅಕ್ಷಿತ್ ನಕ್ಕ, ತುಟಿ ನೋವಾಗಿ ನಿಲ್ಲಿಸಿದ. "ಹಾಗಾದ್ರೆ ನನ್ನ ತಲೆಯೊಳಗೇ. ಎಷ್ಟು ಸ್ಪಷ್ಟ ಗೊತ್ತುಂಟಾ ಅಣ್ಣ, ಕಿವಿಯ ಹತ್ರವೇ ನಿಂತು ಹೇಳಿದ ಹಾಗೆ. ಇನ್ಯಾವಾಗ ಹೋಗ್ತದೋ ಇದು." ಅವನು ಬಲಗಿವಿಯನ್ನು ಕೈಯಿಂದ ಉಜ್ಜಿಕೊಂಡ, ಈಜಿ ಬಂದವರು ನೀರು ತೆಗೆಯುವ ಹಾಗೆ. ಮತ್ತೇನೋ ನೆನಪಾಗಿ ಅವನ ಮುಖ ಸಣ್ಣದಾಯಿತು. "ಆಟಕ್ಕೆ ಮೊದಲು ನಿಮ್ಮ ಕಾಲು ಮುಟ್ಲಿಕ್ಕೂ ಮರೆತೆ. ಕೋಚ್ ಕರೆದ್ರಲ್ಲ, ಆ ಗಡಿಬಿಡಿಯಲ್ಲಿ. ಅದಕ್ಕೇ ಹೀಗಾದದ್ದು."

ಕೂತಲ್ಲಿಂದಲೇ ಅವನು ಮುಂದೆ ಬಾಗಿದ. ಮುದ್ದಣ್ಣ ಕಾಲನ್ನು ಹಿಂದಕ್ಕೆಳೆಯಲು ನೋಡಿದ, ಹಿಂದೆ ಕುರ್ಚಿಯಿತ್ತು. ಅಕ್ಷಿತ್‌ನ ಬೆರಳುಗಳು ಬೂಟಿನ ಲೇಸನ್ನು ಮುಟ್ಟಿ ಹಣೆಗೆ ಹೋದವು.

"ಅಕ್ಷಿತ್," ಉಮಾವತಿ ಅಂದಳು. ಅವಳ ಸ್ವರ ಬೇರೆಯೇ ಆಗಿತ್ತು. "ಏಳು. ಆ ಚೆಂಡು ತೆಗೊಂಡು ಹೋಗು. ಎಲ್ಲಿಂದ ತಿರುಗಿದ್ದೋ ಅಲ್ಲಿಂದ ಓಡಿ, ಗೆರೆಯ ಆಚೆ ಇಟ್ಟುಬಿಡು. ಒಮ್ಮೆ ಇಟ್ಟುಬಿಡು."

"ಈಗ ಎಂತಕ್ಕೆ ಉಮಕ್ಕ? ಮ್ಯಾಚ್ ಮುಗೀತಲ್ಲ."

"ಇರ್ಲಿ. ನಾನು ನೋಡ್ಬೇಕು."

ಅವನು ನಾಚಿಕೊಂಡು ಆಚೀಚೆ ನೋಡಿ ಎದ್ದ. ಮೈದಾನ ಖಾಲಿಯಾಗಿತ್ತು. ಡೇರೆಯ ಕಡೆಯಿಂದ ಸುಟ್ಟ ಮಾಂಸದ ಹೊಗೆ, ಹಾಡು, ತಟ್ಟೆಗಳ ಸದ್ದು. ಆಕಾಶ ಇನ್ನೂ ಬೆಳ್ಳಗಿತ್ತು. ಅದರ ಎದುರು ಮೈದಾನದ ದೀಪಗಳು ಬೆಳಕಿಲ್ಲದೆ ಉರಿಯುತ್ತಿದ್ದವು. ಅಕ್ಷಿತ್ ಹುಲ್ಲಿನ ಮೇಲೆ ನಡೆದು ಹೋಗಿ, ಎಲ್ಲೋ ಒಂದು ಕಡೆ ನಿಂತು, ನೆಲ ನೋಡಿ, ಎರಡು ಹೆಜ್ಜೆ ಹಿಂದೆ ಸರಿದ.

"ಇಲ್ಲಿಂದ ಅಲ್ವಾ ಅಣ್ಣ?" ಎಂದು ಅಲ್ಲಿಂದಲೇ ಕೇಳಿದ.

ಮುದ್ದಣ್ಣ ಕೈಯೆತ್ತಿ ಹೌದೆಂದ.

ಅಕ್ಷಿತ್ ಓಡಿದ. ಮುಳ್ಳಿನ ಬೂಟುಗಳ ಕೆಳಗಿಂದ ಹುಲ್ಲಿನ ತುಣುಕುಗಳು ಹಾರಿದವು. ಇಪ್ಪತ್ತನಾಲ್ಕರ ಮೊಣಕಾಲು, ನೋಡಲು ಎಷ್ಟು ಸುಲಭವಾಗಿ ಕಾಣುತ್ತಿತ್ತು. ಮುದ್ದಣ್ಣ ತುಟಿಗಳನ್ನು ಬಿಗಿಯಾಗಿ ಒತ್ತಿ ಹಿಡಿದಿದ್ದ. ಹುಡುಗ ಗೆರೆ ದಾಟಿದ. ದಾಟಿ ಕೆಲವು ಹೆಜ್ಜೆ ಹೋಗಿ ನಿಧಾನಿಸಿದ, ನಿಂತ. ಆಮೇಲೆ ಮೆಲ್ಲಗೆ ಈ ಕಡೆಗೆ ತಿರುಗಿದ.

ಉಮಾವತಿ ಟಿಫಿನ್ ಕ್ಯಾರಿಯರನ್ನು ಎತ್ತಿಕೊಂಡಳು. ಗಂಡನ ಕಡೆ ನೋಡದೆ ಕಾರು ನಿಲ್ಲಿಸಿದ್ದಲ್ಲಿಗೆ ನಡೆದುಹೋದಳು. ಖಾಲಿ ಡಬ್ಬಿಗಳು ಒಂದಕ್ಕೊಂದು ತಾಗುವ ಸದ್ದು ಜಲ್ಲಿಯ ಮೇಲೆ ಸ್ವಲ್ಪ ದೂರದವರೆಗೆ ಕೇಳಿ, ನಿಂತಿತು. ಯಾರೋ ದೀಪಗಳನ್ನು ಒಂದೊಂದೇ ಸಾಲಾಗಿ ಆರಿಸತೊಡಗಿದರು.

ಗೆರೆಯ ಆಚೆ ಅಕ್ಷಿತ್ ಚೆಂಡನ್ನು ನೆಲಕ್ಕಿಡದೆ, ಎದೆಗೆ ಅಪ್ಪಿಕೊಂಡು, ಕರೆಗೆ ಕಾಯುವವನ ಹಾಗೆ ಮುದ್ದಣ್ಣನನ್ನೇ ನೋಡುತ್ತ ನಿಂತಿದ್ದ.